ಹದಿನಾಲ್ಕನೆಯ ರೀಲು ಯಾಕೆ ತಡವಾಯಿತು

ಆರು ಗಂಟೆಗೆ ಬರಬೇಕಾದ ನೀರನ್ನು ಏಳೂವರೆಗೆ ಬಿಡುವ ಮನುಷ್ಯನಿಗೆ ನಮ್ಮ ಕೆಳಗಿನ ಬೀದಿ ಇಟ್ಟ ಹೆಸರು ‘ರೈಟ್‌ಟೈಮ್’. ಪುರಸಭೆಯ ನೀರಿನ ವಾಲ್ವು ತಿರುಗಿಸುವುದು ಅವನ ಕೆಲಸ. ನೀರು ಮೊದಲು ಮೇಲಿನ ಬೀದಿಗೆ, ಉಳಿದದ್ದು ಕೆಳಗಿನ ಬೀದಿಗೆ. ಅದು ಅವನ ತಪ್ಪಲ್ಲ, ಪೈಪು ಹಾಕಿಸಿದವರ ಮನಸ್ಸಿನ ಇಳಿಜಾರು. ಆದರೆ ಆ ಉಳಿದದ್ದನ್ನೂ ತಡಮಾಡಿ ಬಿಡುವುದು ಮಾತ್ರ ಅವನ ಸ್ವಂತ ಪ್ರತಿಭೆ. ಕೊಡ ಹಿಡಿದು ನಿಂತ ಹೆಂಗಸರು ಬಾಯಿಗೆ ಬಂದಂತೆ ಬೈದರೆ ಅವನು ಸೈಕಲ್ಲಿನಿಂದ ಇಳಿದು, ವಾಲ್ವಿನ ಕೀಲಿಯನ್ನು ರಾಜದಂಡದ ಹಾಗೆ ನೆಟ್ಟಗೆ ಹಿಡಿದು ಹೇಳುತ್ತಿದ್ದ:

“ಈಗ ಹೀಗಿರಬಹುದು ಕಣ್ರಮ್ಮಾ. ಟಾಕೀಸಿನ ಕಾಲದಲ್ಲಿ ನನ್ನ ಟೈಮ್ ಏನಿತ್ತು ಅಂತ ಕೇಳಿ ನೋಡಿ. ಹನ್ನೊಂದು ವರ್ಷ ರೀಲು ಹೊತ್ತೆ. ಒಂದು ದಿನ, ಒಂದೇ ಒಂದು ದಿನ ತಡ ಮಾಡಿದ್ದೀನಾ?”

ಬಟ್ಟೆ ಇಸ್ತ್ರಿ ಮಾಡುವ ಅವನ ಹೆಂಡತಿ ಪಕ್ಕದಲ್ಲಿದ್ದರೆ “ಹ್ಞೂಂ” ಎನ್ನುತ್ತಿದ್ದಳು. ಆ ‘ಹ್ಞೂಂ’ನಲ್ಲಿ ಒಪ್ಪಿಗೆ ಎಷ್ಟು, ಇಸ್ತ್ರಿಪೆಟ್ಟಿಗೆಯ ಬಿಸಿ ಎಷ್ಟು ಎಂದು ಅಳೆಯುವ ಸಾಧನ ಇನ್ನೂ ಬಂದಿಲ್ಲ.

ಊರಿನಲ್ಲಿ ಆಗ ಎರಡು ಟಾಕೀಸುಗಳಿದ್ದವು. ಮೇಲಿನ ಟಾಕೀಸಿಗೆ ಬಾಲ್ಕನಿ, ಬಾಲ್ಕನಿಯ ಕುರ್ಚಿಗಳಿಗೆ ಬಿಳಿ ಗವಸು, ಗವಸು ಒಗೆಯುವುದಕ್ಕೊಂದು ಲಾಂಡ್ರಿ. ಕೆಳಗಿನ ಟಾಕೀಸಿಗೆ ನೆಲ, ನೆಲದ ಹಿಂದೆ ಬೆಂಚು, ಬೆಂಚಿನ ಹಿಂದೆ ಗೋಡೆ. ಎರಡಕ್ಕೂ ಧಣಿ ಒಬ್ಬನೇ, ಪಿಚ್ಚರಿನ ಪ್ರತಿಯೂ ಒಂದೇ. ಮೇಲೆ ಎರಡು ಗಂಟೆಗೆ ಆಟ ಶುರುವಾದರೆ ಕೆಳಗೆ ಮುಕ್ಕಾಲು ಗಂಟೆ ಬಿಟ್ಟು. ಮೇಲೆ ಓಡಿ ಮುಗಿದ ರೀಲುಗಳನ್ನು ತಗಡಿನ ಡಬ್ಬಿಗಳಲ್ಲಿಟ್ಟು, ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಇಳಿಜಾರಿನಲ್ಲಿ ಕೆಳಗೆ ತರುತ್ತಿದ್ದವನು ಈ ರೈಟ್‌ಟೈಮ್. ಮೇಲಿನವರು ನಕ್ಕು ಮುಗಿಸಿದ ನಗು, ಅತ್ತು ಒರೆಸಿಕೊಂಡ ಕಣ್ಣೀರು ನಮಗೆ ಮುಕ್ಕಾಲು ಗಂಟೆ ಹಳೆಯದಾಗಿ ಸಿಗುತ್ತಿತ್ತು. ನೀರಿನ ಹಾಗೇ.

ಆದರೂ ಆ ಕತ್ತಲೆಗೆ ಸಮನಾದ ಕತ್ತಲೆಯನ್ನು ಆಮೇಲೆ ನಾವು ಕಾಣಲಿಲ್ಲ. ತಲೆಯ ಮೇಲೆ ಬೆಳಕಿನ ಕೋಲೊಂದು ಹಾದುಹೋಗುತ್ತಿತ್ತು. ಅದರೊಳಗೆ ಧೂಳು, ಹೊಗೆ, ಮಿಲ್ಲಿನಿಂದ ನಮ್ಮ ಬಟ್ಟೆಗೆ ಅಂಟಿಕೊಂಡು ಬಂದ ಹತ್ತಿಯ ಎಳೆಗಳು ನಿಧಾನಕ್ಕೆ ಈಜುತ್ತಿದ್ದವು. ನಮ್ಮದೇ ದಿನಗೂಲಿಯ ಧೂಳು ಆ ಬೆಳಕಿನಲ್ಲಿ ಚಿನ್ನವಾಗುವುದನ್ನು ಬಾಯಿ ತೆರೆದು ನೋಡುತ್ತಿದ್ದೆವು. ನೆಲದವರು ಪಿಚ್ಚರನ್ನು ಪೋಸ್ಟರಿನ ಹೆಸರಿನಿಂದ ಕರೆಯುತ್ತಿರಲಿಲ್ಲ. ಅದನ್ನು ಓದಬಲ್ಲವರು ಕಡಿಮೆ, ನಂಬುವವರು ಇನ್ನೂ ಕಡಿಮೆ. ‘ಕುದುರೆ ಮಹಡಿ ಹತ್ತಿದ ಪಿಚ್ಚರ್’, ‘ಕುರುಡು ಅಮ್ಮನಿಗೆ ಕಣ್ಣು ಬಂದ ಪಿಚ್ಚರ್’, ‘ಹೀರೋ ಮೇಲೆ ಮಾತ್ರ ಮಳೆ ಸುರಿದ ಪಿಚ್ಚರ್’. ಇವೆಲ್ಲಕ್ಕೂ ದೊಡ್ಡದು, ಇಪ್ಪತ್ತಮೂರು ದಿನ ಓಡಿದ ‘ಸೋಪಿನ ಪಿಚ್ಚರ್’.

ಸೋಪಿನ ಪಿಚ್ಚರಿನಲ್ಲಿ ಬಟ್ಟೆ ಒಗೆಯುವ ಹುಡುಗಿಯೊಬ್ಬಳು ಗಿರಣಿಯ ಕೂಲಿಯೊಬ್ಬನನ್ನು ಪ್ರೀತಿಸುತ್ತಾಳೆ. ಗಿರಣಿಯಲ್ಲಿ ಮುಷ್ಕರವಾಗುತ್ತದೆ. ನಡುವೆ ಅವಳಿಗೊಂದು ಕನಸು: ಒಣಹಾಕಿದ ಹಾಸುಬಟ್ಟೆಗಳೆಲ್ಲ ಗಾಳಿಗೆ ಎದ್ದು ಮದುವೆಯ ಚಪ್ಪರವಾಗುತ್ತವೆ, ಟಬ್ಬಿನಿಂದ ಸೋಪಿನ ಗುಳ್ಳೆಗಳು ಹಾರಿ ಆಕಾಶವೇ ತುಂಬಿಹೋಗುತ್ತದೆ, ಗುಳ್ಳೆಗೊಂದರಂತೆ ಅವರಿಬ್ಬರ ಮುಖ. ಕೊನೆಗೆ ಮುಷ್ಕರ ಇನ್ನೂ ನಡೆಯುತ್ತಿರುವಾಗಲೇ, ಕನಸಿನಲ್ಲಿ ಏನು ಕಂಡಿತ್ತೋ ಅದು ಕಂಡ ಹಾಗೇ ನಡೆದುಬಿಡುತ್ತದೆ. ಅದೇ ಹಾಸುಬಟ್ಟೆ, ಅದೇ ಗುಳ್ಳೆ, ಅದೇ ಹಾಡು. ನಾವು ಎದ್ದು ಕುಣಿದು, ಬೆವರು ಒರೆಸಿಕೊಂಡು ಮನೆಗೆ ಬರುತ್ತಿದ್ದೆವು. ಬೀದಿಯ ಎಷ್ಟೋ ಮದುವೆಗಳು ಆ ಗುಳ್ಳೆಗಳನ್ನು ನಂಬಿ ನಡೆದವು. ರೈಟ್‌ಟೈಮ್‌ನದೂ ಸೇರಿ.

ಕೆಳಗಿನ ಟಾಕೀಸು ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ ಪುರಸಭೆಗೆ ನಮ್ಮ ನೆನಪಾಯಿತು. ಕಟ್ಟಡ ಕೆಡವಿ ಮಳಿಗೆ ಕಟ್ಟುವುದೆಂದು ಠರಾವಾಗಿತ್ತು. ಕೊಲ್ಲುವ ಮುಂಚೆ ಸನ್ಮಾನ ಮಾಡುವುದು ಆಳುವವರ ಹಳೆಯ ಸಂಪ್ರದಾಯ. ಆದ್ದರಿಂದ ಸಂಸ್ಕೃತಿ ಅಧಿಕಾರಿಗಳು ‘ಬೆಳ್ಳಿತೆರೆಯ ಸವಿನೆನಪು’ ಎಂಬ ಕಾರ್ಯಕ್ರಮ ಹೊರಡಿಸಿದರು. ಭಾನುವಾರ ಮಧ್ಯಾಹ್ನ, ಅದೇ ಟಾಕೀಸಿನಲ್ಲಿ, ಅದೇ ಸೋಪಿನ ಪಿಚ್ಚರ್. ಜೊತೆಗೆ, ಹನ್ನೊಂದು ವರ್ಷ ಒಂದು ದಿನವೂ ತಡಮಾಡದೆ ರೀಲು ಹೊತ್ತ ಕಾಯಕಜೀವಿಗೆ ಪ್ರಮಾಣಪತ್ರ ಮತ್ತು ಒಂದು ಗೋಡೆ ಗಡಿಯಾರ.

ರೈಟ್‌ಟೈಮ್ ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ. ಕನ್ನಡಿಯ ಮುಂದೆ ಗಡಿಯಾರ ಸ್ವೀಕರಿಸುವ ಭಂಗಿ ಅಭ್ಯಾಸ ಮಾಡಿದ. ಹೆಂಡತಿ ಇಸ್ತ್ರಿ ಮಾಡಿಟ್ಟ ಅಂಗಿಯನ್ನು ಇನ್ನೊಮ್ಮೆ ಮಾಡಿಸಿದ. ಐದನೆಯ ದಿನ ವಾಲ್ವಿನ ಗುಂಡಿಯ ಹತ್ತಿರ ಕಾರ್ಬನ್ ಮಾವ ಬಂದು ನಿಂತರು. ಕೆಳಗಿನ ಟಾಕೀಸಿನ ಪ್ರೊಜೆಕ್ಟರ್ ಓಡಿಸುತ್ತಿದ್ದವರು ಅವರೇ. ಯಂತ್ರದ ದೀಪದಲ್ಲಿ ಉರಿಯುವ ಕಾರ್ಬನ್ ಕಡ್ಡಿಗಳನ್ನು ಮೂವತ್ತು ವರ್ಷ ಕಾದು, ಹುಬ್ಬು ಸುಟ್ಟುಕೊಂಡು ಆ ಹೆಸರು ಸಂಪಾದಿಸಿದ್ದರು.

“ಧಣಿ ಗೋದಾಮಿನಲ್ಲಿ ಪಿಚ್ಚರ್ ಸಿಕ್ಕಿದೆಯಂತೆ ಕಣೋ. ಪೂರ್ತಿ.”

“ಒಳ್ಳೇದೇ ಆಯ್ತಲ್ಲ ಮಾವ.”

“ಪೂರ್ತಿ ಅಂದ್ನಲ್ಲ. ಹದಿನಾಲ್ಕನೇ ರೀಲೂ ಇದೆ.”

ರೈಟ್‌ಟೈಮ್ ವಾಲ್ವಿನ ಕೀಲಿಯನ್ನು ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ ತಿರುಗಿಸಿದ. ಆ ದಿನ ಕೆಳಗಿನ ಬೀದಿಗೆ ಮೂರು ಗಂಟೆ ಹೊತ್ತು ಎಡೆಬಿಡದೆ ನೀರು ಬಂತು. ಜನ ಹೆದರಿದರು.

ಈಗ ಗುಟ್ಟು ಹೇಳಿಬಿಡಬೇಕು. ಹದಿನಾಲ್ಕನೆಯ ರೀಲನ್ನು ಕೆಳಗಿನ ಬೀದಿ ನೋಡಿಯೇ ಇರಲಿಲ್ಲ. ಸೋಪಿನ ಪಿಚ್ಚರಿನ ಎರಡನೆಯ ದಿನ, ಮೇಲಿನಿಂದ ಕಡೆಯ ರೀಲು ಹೊತ್ತು ಇಳಿಯುತ್ತಿದ್ದ ರೈಟ್‌ಟೈಮ್‌ನನ್ನು ರಸ್ತೆಬದಿಯ ಲಾಂಡ್ರಿಯ ಹುಡುಗಿಯೊಬ್ಬಳು ಕೂಗಿದ್ದಳು: “ರೀ ಸೈಕಲ್ಲು! ಈ ಹಾಸುಬಟ್ಟೆಯ ಆ ತುದಿ ಸ್ವಲ್ಪ ಹಿಡ್ಕೊಳ್ರೀ.” ದೊಡ್ಡ ಹಾಸುಬಟ್ಟೆಯನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು, ಝಾಡಿಸಿ, ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಅವನು ನಡೆದು ಬಂದ. ತುದಿಗೆ ತುದಿ ಕೂಡಿತು, ಬೆರಳಿಗೆ ಬೆರಳು ತಾಗಿತು. ನಲವತ್ತು ಹಾಸುಬಟ್ಟೆ ಮುಗಿಯುವಾಗ ಕೆಳಗಿನ ಟಾಕೀಸಿನಲ್ಲಿ ಪರದೆ ಬಿಳುಚಿಕೊಂಡು, ನೆಲದವರು ಸಿಳ್ಳೆ ಹೊಡೆದು, ಬೆಂಚು ಮುರಿಯಲು ತೊಡಗಿದ್ದರು. ಕಾರ್ಬನ್ ಮಾವ ಕೈಗೆ ಸಿಕ್ಕ ಒಂಬತ್ತನೆಯ ರೀಲನ್ನು, ಅದೇ ಕನಸಿನ ಹಾಡನ್ನು, ಮತ್ತೆ ಏರಿಸಿಬಿಟ್ಟರು. ನೆಲ ಕುಣಿಯಿತು. ರೈಟ್‌ಟೈಮ್ ಏದುಸಿರು ಬಿಡುತ್ತ ಬಂದಾಗ ಖಾಲಿ ಟಾಕೀಸು ಗುಡಿಸುತ್ತಿದ್ದರು.

ಮೂರನೆಯ ದಿನವೂ ಹಾಸುಬಟ್ಟೆ. ನಾಲ್ಕನೆಯ ದಿನವೂ. ಧಣಿಗೆ ಗೊತ್ತಾದರೆ ಇಬ್ಬರ ಕೆಲಸವೂ ಹೋಗುತ್ತದೆಂದು ಮಾವ ಬಾಯಿ ಹೊಲಿದುಕೊಂಡರು. ಇಪ್ಪತ್ತೆರಡು ದಿನ ಹೀಗೇ ನಡೆಯಿತು. ಪಿಚ್ಚರ್ ಎತ್ತಂಗಡಿಯಾದ ಮೂರನೆಯ ತಿಂಗಳಿಗೆ ಅವನಿಗೂ ಆ ಹುಡುಗಿಗೂ ಮದುವೆಯಾಯಿತು. ತಾನು ಮೈಮರೆತು ಕರ್ತವ್ಯ ಬಿಟ್ಟದ್ದನ್ನು ರೈಟ್‌ಟೈಮ್ ಹೆಂಡತಿಗೂ ಹೇಳಿರಲಿಲ್ಲ. ಅವಳು ಆ ಪಿಚ್ಚರಿನ ಕೊನೆಯನ್ನು ನಂಬಿಯೇ ತನ್ನ ಕೈ ಹಿಡಿದಳೆಂದು ಅವನ ದೃಢವಾದ ತಿಳುವಳಿಕೆ. ಆ ಕೊನೆಯೇ ಸುಳ್ಳೆಂದು, ಆ ಸುಳ್ಳು ತನ್ನ ಸೋಮಾರಿತನದಿಂದ ಹುಟ್ಟಿತೆಂದು ಭಾನುವಾರ ಮಧ್ಯಾಹ್ನ ತುಂಬಿದ ಸಭೆಯಲ್ಲಿ ಅವಳಿಗೆ ಗೊತ್ತಾದರೆ? ಗಡಿಯಾರ ಹೋಗಲಿ, ಗೋಡೆಯೇ ಉಳಿಯುವುದಿಲ್ಲ.

ಅವನು ಸಂಸ್ಕೃತಿ ಅಧಿಕಾರಿಗಳ ಮೇಜಿನ ಮುಂದೆ ನಿಂತ.

“ಸಾರ್, ಹದಿಮೂರು ರೀಲು ಹಾಕಿದ್ರೆ ಸಾಕು. ಹದಿನಾಲ್ಕನೇದು ಬೇಡ.”

“ಯಾಕಪ್ಪಾ? ಹಾಳಾಗಿದೆಯಾ?”

“ಹಾಳಾಗಿಲ್ಲ ಸಾರ್. ಚೆನ್ನಾಗೇ ಇದೆ. ಅದೇ ತೊಂದರೆ.”

“ಮತ್ತೆ?”

ಸುಳ್ಳು ಹೇಳಿ ಅಭ್ಯಾಸವಿಲ್ಲದವನಲ್ಲ ಅವನು, ದಿನಾ ಏಳೂವರೆಗೆ ಹೇಳುವವನೇ. ಆದರೆ ಅಧಿಕಾರಿಯ ಮುಂದೆ ಅರ್ಧ ನಿಜವೇ ಹೊರಬಿತ್ತು. “ಅದು... ಹೆಂಗಸರು ನೋಡಬಾರದು ಸಾರ್. ಮುಖ್ಯವಾಗಿ ನಮ್ಮ ಮನೆಯವಳು ನೋಡಬಾರದು.”

ಅಧಿಕಾರಿಗಳು ಕನ್ನಡಕ ತೆಗೆದರು, ಬಾಗಿಲು ಮುಚ್ಚಿಸಿದರು. ದನಿ ತಗ್ಗಿಸಿ ಕೇಳಿದರು: “ಅಂಥದ್ದಾ?”

ಇದನ್ನು ಕರುಣೆಯೆಂದು ತಿಳಿದ ರೈಟ್‌ಟೈಮ್ ಕಣ್ಣು ತುಂಬಿಕೊಂಡು, “ಹೌದು ಸಾರ್, ಅಂಥದ್ದೇ,” ಎಂದ.

ಸಂಜೆಯೊಳಗೆ ಕಡತವೊಂದು ಹುಟ್ಟಿತು: ‘ಹದಿನಾಲ್ಕನೆಯ ರೀಲಿನ ಅಸಭ್ಯತೆಯ ಕುರಿತು’. ಮೂವರ ಸಮಿತಿ ನೇಮಕವಾಯಿತು. ಸಮಿತಿಯು ಅಸಭ್ಯತೆಯನ್ನು ಖುದ್ದಾಗಿ ಪರಿಶೀಲಿಸಲು ಅತ್ಯಂತ ಉತ್ಸುಕವಾಗಿತ್ತು. ಆದರೆ ಯಂತ್ರವಿರುವುದು ಕೆಳಗಿನ ಟಾಕೀಸಿನಲ್ಲಿ, ಓಡಿಸಬಲ್ಲವರು ಕಾರ್ಬನ್ ಮಾವ ಒಬ್ಬರೇ. ಮಾವ, “ಭಾನುವಾರಕ್ಕೆ ಮಾತ್ರ ಸಾಲುವಷ್ಟು ಕಡ್ಡಿ ಇದೆ,” ಎಂದುಬಿಟ್ಟರು. ಹಾಗಾಗಿ ಭಾನುವಾರ ಎಲ್ಲರೂ ನೋಡುವುದು, ಅಸಭ್ಯವಾಗಿದ್ದರೆ ನೋಡಿದ ನಂತರ ನಿಷೇಧಿಸುವುದು ಎಂದು ತೀರ್ಮಾನವಾಯಿತು.

ಸುದ್ದಿ ಇಳಿಜಾರಿನಲ್ಲಿ ರೀಲಿಗಿಂತ ವೇಗವಾಗಿ ಇಳಿಯಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರು ಎದ್ದು ಕೂತರು.

“ಅಲ್ಲಯ್ಯ, ಇಪ್ಪತ್ತೆರಡು ದಿನ ದುಡ್ಡು ಕೊಟ್ಟು ನೋಡಿದ್ದೀವಿ. ಅಂಥದ್ದೊಂದು ರೀಲು ಇದ್ದದ್ದು ನಮಗೆ ತೋರಿಸಲೇ ಇಲ್ವಾ?” ಎಂದ ಕ್ಷೌರಿಕ, ಕತ್ತಿ ಗಾಳಿಯಲ್ಲೇ ನಿಲ್ಲಿಸಿ.

“ಮೇಲಿನವರು ಮಾತ್ರ ನೋಡಿದ್ದಾರೆ!”

“ಎಲ್ಲ ಒಳ್ಳೇದೂ ಅವರಿಗೇ ಮೊದಲು.”

“ಒಳ್ಳೇದಲ್ಲಪ್ಪ, ಅಸಭ್ಯ.”

“ಇರಲಿ, ಅದರಲ್ಲೂ ನಮಗೊಂದು ಪಾಲು ಬೇಡವಾ?”

ಹೀಗೆ ಒಂದು ನ್ಯಾಯಯುತ ಬೇಡಿಕೆ ರೂಪುಗೊಂಡಿತು. ಮೇಲಿನ ಬೀದಿಯ ನೀತಿವಂತರು ಪ್ರತಿಭಟಿಸಲೆಂದು ಮುಂದಿನ ಸಾಲು ಕಾದಿರಿಸಿದರು. ವೈದ್ಯರು ವೈದ್ಯಕೀಯ ದೃಷ್ಟಿಯಿಂದ ಬರುವುದಾಗಿ ತಿಳಿಸಿದರು.

ಮನೆಯಲ್ಲಿ ರೈಟ್‌ಟೈಮ್‌ನ ಭಾವಮೈದುನ ತೊಡೆ ತಟ್ಟಿಕೊಂಡು ಕೂತಿದ್ದ. “ಅಕ್ಕಾ, ನಿನ್ನ ಗಂಡ ಸೈಕಲ್ ಮೇಲೆ ಏನೇನು ಹೊತ್ತು ತಂದಿದ್ದಾನೆ ಅಂತ ಊರೆಲ್ಲ ಕೇಳ್ತಿದೆ. ನಾನು ತಲೆ ಎತ್ತಿ ಓಡಾಡೋ ಹಾಗಿಲ್ಲ.”

“ನೀನು ಯಾವತ್ತು ತಲೆ ಎತ್ತಿ ಓಡಾಡಿದ್ದೆ? ಬಿದ್ದಿರೋ ಚಿಲ್ಲರೆ ಹುಡುಕ್ತಾ ಇರ್ತಿದ್ದೆ,” ಎಂದು ಅಕ್ಕ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದಳು. ಆಮೇಲೆ ಗಂಡನ ಕಡೆ ನೋಡಿದಳು. “ನಾನು ನೋಡಬಾರದು ಅಂದ್ರಂತೆ?”

“ಹಾಗಲ್ಲ... ನಿನಗೆ ತಲೆನೋವು ಬರುತ್ತೆ ಅಂತ...”

“ನನ್ನ ತಲೆ ಬಗ್ಗೆ ಪುರಸಭೆಗೆ ಯಾಕೆ ಅರ್ಜಿ?”

ಅವನು ಒಣಹಾಕಿದ ಬಟ್ಟೆಗಳ ಹಿಂದೆ ಹೋಗಿ ನಿಂತ. ಹಾಸುಬಟ್ಟೆಯ ಆಚೆಯಿಂದ ಅವಳ ನೆರಳು ಕಾಣುತ್ತಿತ್ತು. ಕೈ ಮುಂದಕ್ಕೆ, ಹಿಂದಕ್ಕೆ. ಪರದೆಯ ಮೇಲಿನ ಹೆಣ್ಣಿನ ಹಾಗೆ ದೊಡ್ಡದಾಗಿ, ಸದ್ದಿಲ್ಲದೆ. ಈ ನೆರಳು ಎದ್ದು ಹೋದರೆ ಉಳಿಯುವುದು ಬರೀ ಬಿಳಿ ಬಟ್ಟೆ ಎಂದು ಅವನಿಗೆ ಭಯವಾಯಿತು.

ಭಾನುವಾರ ಟಾಕೀಸು ತುಂಬಿ ತುಳುಕಿತು. ಮುರಿದ ಹೆಂಚಿನ ಸಂದಿನಿಂದ ಬೀಳುತ್ತಿದ್ದ ಬಿಸಿಲಿನ ಕೋಲುಗಳನ್ನು ಮುಚ್ಚಲು ಹುಡುಗರು ಗೋಣಿಚೀಲ ಹೊದಿಸಿದ್ದರು. ಮೊದಲು ಸನ್ಮಾನ. ಅಧಿಕಾರಿಗಳು ‘ಒಂದು ದಿನವೂ ತಡಮಾಡದ’ ಎಂದು ಓದಿದಾಗ ನೀರಿಗೆ ನಿಲ್ಲುವ ಹೆಂಗಸರು ಚಪ್ಪಾಳೆಯ ಬದಲು ಕೆಮ್ಮಿದರು. ರೈಟ್‌ಟೈಮ್ ಗಡಿಯಾರವನ್ನು ಎದೆಗವಚಿಕೊಂಡು ವೇದಿಕೆಯ ಮೂಲೆಯಲ್ಲಿ ಕೂತ. ಅದು ಟಿಕ್ ಟಿಕ್ ಎನ್ನುತ್ತಿತ್ತೋ, ಅವನ ಎದೆಯೋ, ಹೇಳುವುದು ಕಷ್ಟ.

ಬೆಳಕಿನ ಕೋಲು ತಲೆಯ ಮೇಲೆ ಹಾಯಿತು. ಧೂಳು ಮತ್ತೆ ಚಿನ್ನವಾಯಿತು. ಹತ್ತಿಯ ಎಳೆ ಮಾತ್ರ ಇರಲಿಲ್ಲ, ಮಿಲ್ಲು ಮುಚ್ಚಿತ್ತಲ್ಲ. ಗೆರೆ ಬಿದ್ದು, ಬಣ್ಣ ಸೋತ ಪರದೆಯಿಂದ ಆ ಹುಡುಗಿ ನಮ್ಮನ್ನು ಗುರುತು ಹಿಡಿದವಳ ಹಾಗೆ ನಕ್ಕಳು. ಒಂಬತ್ತನೆಯ ರೀಲಿನಲ್ಲಿ ಗುಳ್ಳೆಗಳೆದ್ದಾಗ ಮುದುಕರ ಮಂಡಿಗಳು ತಾವಾಗಿ ಅಲುಗಿದವು. ಹದಿಮೂರು ಮುಗಿಯಿತು. ಮುಂದಿನ ಸಾಲಿನ ನೀತಿವಂತರು ಮುಂದಕ್ಕೆ ಬಾಗಿದರು. ವೈದ್ಯರು ಕನ್ನಡಕ ಒರೆಸಿದರು.

ಹದಿನಾಲ್ಕನೆಯ ರೀಲಿನಲ್ಲಿ ಗಿರಣಿಯ ಧಣಿಯ ಆಳುಗಳು ಗುಂಡು ಹಾರಿಸುತ್ತಾರೆ. ಬಟ್ಟೆ ಒಗೆಯುವ ಹುಡುಗಿ ನಡುವೆ ಬಂದು ಬೀಳುತ್ತಾಳೆ. ಧಣಿ ಓಡಿ ಬಂದು, ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅಳುತ್ತಾನೆ. ಸಾಯುತ್ತಾ ಅವಳು ಪ್ರಿಯಕರನ ಕೈಯನ್ನು ಧಣಿಯ ಕೈಯಲ್ಲಿಟ್ಟು, “ಇನ್ನು ಕೆಲಸಕ್ಕೆ ಹೋಗು,” ಎನ್ನುತ್ತಾಳೆ. ಮುಷ್ಕರ ಮುಗಿಯುತ್ತದೆ. ಗಿರಣಿಯ ಚಿಮಣಿಯಿಂದ ಹೊಗೆ ಏಳುತ್ತದೆ. ಶುಭಂ.

ನೀತಿವಂತರು ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡರು.

“ಅಷ್ಟೇನಾ?” ಎಂದರು ಮುಂದಿನ ಸಾಲಿನಿಂದ, ತೀರಾ ನಿರಾಶೆಯ ದನಿಯಲ್ಲಿ. ಅಧಿಕಾರಿಗಳು ದೀಪ ಹಾಕಿಸಿ, ಧ್ವನಿವರ್ಧಕ ಹಿಡಿದು, ನಗುತ್ತಾ ಹೇಳಿದರು: “ಸಮಿತಿಯ ಪರವಾಗಿ ಹೇಳುತ್ತಿದ್ದೇನೆ, ಇದರಲ್ಲಿ ಅಸಭ್ಯವಾದದ್ದು ಏನೂ ಇಲ್ಲ.”

ಆಗ ನೆಲದಿಂದ ನೂಲಜ್ಜಿ ಎದ್ದಳು. ಮಿಲ್ಲಿನಲ್ಲಿ ನೂಲು ತೆಗೆದು ತೆಗೆದು ಬೆನ್ನು ಕಮಾನಾಗಿದ್ದ, ಹಿಂದೊಮ್ಮೆ ಅರವತ್ತು ದಿನ ಮುಷ್ಕರ ನಡೆಸಿದ್ದ ಮುದುಕಿ. “ಏನೂ ಇಲ್ವಾ ಸ್ವಾಮಿ? ನಮ್ಮ ಹುಡುಗೀನ ಕೊಂದು, ಕೊಂದವನ ತೊಡೆ ಮೇಲೇ ಮಲಗಿಸಿ, ಅವನ ಕೈಲೇ ಕಣ್ಣೀರು ಹಾಕಿಸಿದ್ದಾರೆ. ಇದಕ್ಕಿಂತ ಕೊಳಕು ಇನ್ನೇನು ಬೇಕಿತ್ತು ನಿಮಗೆ?”

ನೆಲ ಎದ್ದು ನಿಂತಿತು. “ಅವಳು ಸಾಯಲಿಲ್ಲ!” “ಮದುವೆಯಾಯ್ತು, ನಾನೇ ನೋಡಿದ್ದೀನಿ!” “ಗುಳ್ಳೆ ಎಲ್ಲಿ? ಗುಳ್ಳೆ ಹಾಕಿ!” ಮೇಲಿನವರು, “ನಾವು ಆವತ್ತೇ ಹೀಗೆ ನೋಡಿದ್ದು,” ಎಂದರು. “ನೀವು ಯಾವತ್ತು ನಮ್ಮನ್ನ ಜೀವಂತ ನೋಡಿದ್ರಿ?” ಎಂದು ಕ್ಷೌರಿಕ ಬೆಂಚು ಹತ್ತಿದ. ಸುಳ್ಳುಗಾರರು ಯಾರೆಂಬ ಪ್ರಶ್ನೆ ಎದ್ದಿತು. ಎಲ್ಲ ಕಣ್ಣುಗಳೂ ಗಡಿಯಾರ ಅಪ್ಪಿಕೊಂಡವನ ಮೇಲೆ ಬಂದು ನಿಂತವು.

“ಹೇಳಪ್ಪಾ,” ಎಂದರು ಅಧಿಕಾರಿಗಳು, “ನೀನು ಈ ರೀಲನ್ನು ಟೈಮಿಗೆ ತಂದಿದ್ದೀಯೋ ಇಲ್ಲವೋ?”

ರೈಟ್‌ಟೈಮ್ ಎದ್ದ. ಕೂತ. ಮತ್ತೆ ಎದ್ದ. ಗಡಿಯಾರವನ್ನು ಮೇಜಿನ ಮೇಲಿಟ್ಟು, ಧ್ವನಿವರ್ಧಕಕ್ಕಲ್ಲ, ನೆಲದ ಎರಡನೆಯ ಸಾಲಿನಲ್ಲಿ ಕೂತಿದ್ದ ಹೆಂಡತಿಗೆ ಹೇಳಿದ:

“ತರಲಿಲ್ಲ. ಇಪ್ಪತ್ತೆರಡು ದಿನವೂ ತಡ ಮಾಡಿದೆ. ದಾರೀಲಿ ಹಾಸುಬಟ್ಟೆ ಮಡಿಸ್ತಾ ನಿಂತುಬಿಡ್ತಿದ್ದೆ. ನೀವೆಲ್ಲ ನೋಡಿದ ಮದುವೆ ಬರೀ ಕನಸಿನ ರೀಲು. ಅದನ್ನ ನಂಬಿ ಮದುವೆಯಾದವರು ಯಾರಾದ್ರೂ ಇದ್ರೆ... ನನ್ನ ಕ್ಷಮಿಸಿಬಿಡು ಕಣೇ.”

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಭಾವಮೈದುನ ಕಣ್ಣು ಮುಚ್ಚಿಕೊಂಡ.

“ಅವರು ತಡ ಮಾಡಲಿಲ್ಲ ಸಾರ್. ನಾನೇ ನಿಲ್ಲಿಸ್ಕೊಂಡಿದ್ದು.” ದನಿ ಎತ್ತರವಾಗಿರಲಿಲ್ಲ, ಆದರೂ ಹಿಂದಿನ ಗೋಡೆಗೂ ಕೇಳಿಸಿತು. “ಮೊದಲನೇ ದಿನ ಮೇಲಿನ ಟಾಕೀಸಿಗೆ ಬಾಲ್ಕನಿ ಗವಸು ಕೊಡೋಕೆ ಹೋಗಿದ್ದೆ. ಬಾಗಿಲ ಹತ್ತಿರ ನಿಂತು ಕೊನೇ ರೀಲು ನೋಡಿದೆ. ಅವಳು ಸತ್ತಳು. ಬಾಲ್ಕನಿಯವರು ಮೂಗು ಒರೆಸ್ಕೊಂಡು, ‘ಚೆನ್ನಾಗಿತ್ತು’ ಅಂತ ಎದ್ದು ಹೋದರು. ನಾನು ಒಗೆದ ಗವಸಿಗೇ ಒರೆಸಿಬಿಟ್ಟಿದ್ರು. ಒಗೆಯೋಳು ನಾನು, ಸಾಯೋಳೂ ನಾನೇನಾ ಅನ್ನಿಸ್ತು. ಆವತ್ತು ಕೆಳಗೆ ಆಟ ಇರಲಿಲ್ಲ, ಯಂತ್ರ ಕೆಟ್ಟಿತ್ತು. ಮಾರನೇ ದಿನ ಈ ಸೈಕಲ್ಲು ಬರೋದು ಕಾಣಿಸ್ತು, ಹಿಂದೆ ಡಬ್ಬಿ ಕಟ್ಟಿತ್ತು. ಅದು ಕೆಳಗೆ ಹೋಗಬಾರದು ಅಂತ ಕೂಗಿದೆ. ಹಾಸುಬಟ್ಟೆ ಹಿಡ್ಕೊಳ್ಳಿ ಅಂದೆ. ನಲವತ್ತೇ ಇದ್ವು. ಮಡಿಸಿದ್ದನ್ನೇ ಬಿಚ್ಚಿ ಬಿಚ್ಚಿ ಮತ್ತೆ ಕೊಟ್ಟೆ. ಇವರಿಗೆ ಗೊತ್ತೇ ಆಗಲಿಲ್ಲ.”

ರೈಟ್‌ಟೈಮ್ ಮೇಜಿನ ಮೇಲಿಟ್ಟಿದ್ದ ಗಡಿಯಾರವನ್ನು ಮತ್ತೆ ಎತ್ತಿಕೊಂಡ. ನೂಲಜ್ಜಿ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಮೇಲಿನ ಕಿಂಡಿಯ ಕಡೆ ತಿರುಗಿ ಕೂಗಿದಳು: “ಕಾರ್ಬನ್ನೂ! ಒಂಬತ್ತು ಹಾಕೋ!”

ಅಧಿಕಾರಿಗಳು ಅನುಮತಿ ಬೇಕೆನ್ನುವಷ್ಟರಲ್ಲಿ ದೀಪ ಆರಿತ್ತು. ಮಾವ ಆ ರೀಲನ್ನು ಆಗಲೇ ಏರಿಸಿಟ್ಟುಕೊಂಡಿದ್ದರು. ಹಳೆಯ ಅಭ್ಯಾಸ. ಗುಳ್ಳೆಗಳೆದ್ದವು, ನೆಲ ಕುಣಿಯಿತು. ವೈದ್ಯರೂ ಸ್ವಲ್ಪ ಕುಣಿದರೆಂದು ಹೇಳುತ್ತಾರೆ. ‘ಶುಭಂ’ ಎಂದು ಆಮೇಲೆ ಯಾರೂ ತೋರಿಸಲಿಲ್ಲ.

ಟಾಕೀಸು ಈಗಿಲ್ಲ, ಮಳಿಗೆಗಳಿವೆ. ಪ್ರಮಾಣಪತ್ರವನ್ನು ಪುರಸಭೆ ತಿದ್ದಲೆಂದು ವಾಪಸು ಪಡೆದದ್ದು ಇನ್ನೂ ಬಂದಿಲ್ಲ. ಗಡಿಯಾರ ಮಾತ್ರ ಅವರ ಗೋಡೆಯ ಮೇಲಿದೆ, ಮುಕ್ಕಾಲು ಗಂಟೆ ತಡವಾಗಿ ಓಡುತ್ತದೆ.

ಆ ಭಾನುವಾರ ಸಂಜೆ ಮನೆಯಂಗಳದಲ್ಲಿ ಅವಳು ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅವನು ಕೇಳಿದ: “ಹಾಗಾದ್ರೆ ನೀನು ಕರೆದದ್ದು ನನಗೋಸ್ಕರ ಅಲ್ವಾ? ಆ ಪಿಚ್ಚರಿನ ಹುಡುಗಿಗೋಸ್ಕರಾನಾ?”

“ಮೊದಲನೇ ವಾರ ಅವಳಿಗೋಸ್ಕರ.”

“ಆಮೇಲೆ?”

ಅವಳು ದೊಡ್ಡ ಹಾಸುಬಟ್ಟೆಯೊಂದನ್ನು ಝಾಡಿಸಿದಳು. ಅದು ಗಾಳಿಗೆ ಉಬ್ಬಿ, ಕ್ಷಣಹೊತ್ತು ಇಬ್ಬರ ನಡುವೆ ಪರದೆಯಾಗಿ ನಿಂತಿತು.

“ಆ ತುದಿ ಹಿಡ್ಕೊಳ್ರೀ ಮೊದಲು,” ಎಂದಳು. “ನೆಲಕ್ಕೆ ತಾಗ್ತಿದೆ.”